ಬಲತುದಿಗೆ ಹಾಕಿದ ಗುರುತು

ಪ್ರಶ್ನೆ: ಪ್ರತಿ ಸೆಷನ್ ಮುಗಿಯುವಾಗ ನನ್ನ ಥೆರಪಿಸ್ಟ್ ನಾಲ್ಕು ಗೆರೆಗಳಿರುವ ಹಾಳೆ ಕೊಟ್ಟು ಗುರುತು ಹಾಕಿ ಎನ್ನುತ್ತಾರೆ. ಎದುರಿಗೇ ಕೂತವರಿಗೆ ಕಡಿಮೆ ಅಂಕ ಕೊಡಲು ಸಂಕೋಚ. ಎಲ್ಲವನ್ನೂ ಬಲತುದಿಗೇ ಹಾಕಿ ಎದ್ದುಬರುತ್ತೇನೆ. ತಪ್ಪೇ?

ಉತ್ತರ: ತಪ್ಪಲ್ಲ, ಆದರೆ ಹಾಳೆ ದಂಡ. ನಿಮ್ಮ ವಿವರಣೆ ನೋಡಿದರೆ ಅದು ಸೆಷನ್ ರೇಟಿಂಗ್ ಸ್ಕೇಲ್. ಪ್ರತಿ ಗೆರೆ 10 ಸೆಂ.ಮೀ. ಎಡತುದಿಯಿಂದ ನಿಮ್ಮ ಗುರುತಿಗೆ ಎಷ್ಟು ಸೆಂಟಿಮೀಟರೋ ಅಷ್ಟು ಅಂಕ, ಒಟ್ಟು 40. ನನ್ನ ಮಾತು ಅವರಿಗೆ ಮುಟ್ಟಿತೇ, ನಾನು ಆಡಬೇಕೆಂದಿದ್ದ ವಿಷಯವೇ ಬಂತೇ, ಅವರ ವಿಧಾನ ನನಗೆ ಹೊಂದುತ್ತದೆಯೇ, ಒಟ್ಟಾರೆ ಇವತ್ತು ಹೇಗಿತ್ತು ಎಂಬುವೇ ಆ ನಾಲ್ಕು. ನಿಮ್ಮಂತೆ ಸಂಕೋಚಪಡುವವರೇ ಹೆಚ್ಚು. ಅದಕ್ಕೇ 36ಕ್ಕಿಂತ ಕೆಳಗಿಳಿದರೆ ಅಲ್ಲೇ ಮಾತಾಡಬೇಕು ಎಂದು ಅಷ್ಟು ಎತ್ತರದಲ್ಲಿ ಮಿತಿ ಇಟ್ಟಿದ್ದಾರೆ. ಅಂಕ ಥೆರಪಿಸ್ಟರ ಪರೀಕ್ಷೆಯದ್ದಲ್ಲ. ಮುಂದಿನ ಸಲ ಒಂದೇ ಒಂದು ಗೆರೆಯನ್ನಾದರೂ ಇದ್ದ ಹಾಗೆ ಗುರುತಿಸಿ, ‘ಇದು ಯಾಕೋ ಸರಿಹೊಂದಲಿಲ್ಲ’ ಎನ್ನಿ. ಕಾರಣ ಸ್ಪಷ್ಟವಿರಬೇಕಿಲ್ಲ.

ಪ್ರಶ್ನೆ: ತರಬೇತಿಯಲ್ಲಿರುವ ಆಪ್ತಸಮಾಲೋಚಕಿ ನಾನು. ಕ್ಲೈಂಟ್ ಜೊತೆಗಿನ ಬಾಂಧವ್ಯ ಚೆನ್ನಾಗಿದೆ ಎಂದು ನನಗನ್ನಿಸಿದರೂ ಅದರ ಬಗ್ಗೆ ಅವರು ತುಂಬಿದ ಪ್ರಶ್ನಾವಳಿಯಲ್ಲಿ ಅಂಕ ಕಡಿಮೆ. ಯಾವುದನ್ನು ನಂಬಲಿ?

ಉತ್ತರ: ಕ್ಲೈಂಟ್ ಕೊಟ್ಟದ್ದನ್ನು. ಇಬ್ಬರ ಅಂದಾಜು ಅಷ್ಟಾಗಿ ಹೊಂದುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಈ ಬಾಂಧವ್ಯವನ್ನು ಮೂರಾಗಿ ಬಿಡಿಸಿದರು: ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ, ನಂಟು. ವರ್ಕಿಂಗ್ ಅಲಯನ್ಸ್ ಇನ್ವೆಂಟರಿ ಎಂಬ ಪ್ರಶ್ನಾವಳಿ ಅಳೆಯುವುದು ಇವನ್ನೇ. 1989ರ ಮೂಲದಲ್ಲಿ 36 ಪ್ರಶ್ನೆಗಳಿದ್ದವು. 2006ರ ಪರಿಷ್ಕೃತ ಕಿರುರೂಪದಲ್ಲಿ 12, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು ಮೊತ್ತಕ್ಕೇ ಕಣ್ಣು ನೆಟ್ಟರೆ ಮೋಸಹೋಗುತ್ತೀರಿ. ಪ್ರತಿ ಭಾಗಕ್ಕೆ 20ರಲ್ಲಿ ಎಷ್ಟು ಬಂತು ನೋಡಿ. ನಂಟಿಗೆ 18, ಕೆಲಸಕ್ಕೆ 9 ಬಂದಿದ್ದರೆ? ಅವರಿಗೆ ನೀವು ಹಿಡಿಸಿದ್ದೀರಿ, ನೀವು ಕೊಟ್ಟ ಅಭ್ಯಾಸ ಯಾತಕ್ಕೆಂದು ತಿಳಿದಿಲ್ಲ. ಇಲ್ಲಿ ಇನ್ನಷ್ಟು ಆತ್ಮೀಯತೆ ತೋರಿಸಿ ಫಲವಿಲ್ಲ. ಅಭ್ಯಾಸದ ಉದ್ದೇಶ ವಿವರಿಸಿ, ಬೇಡವೆಂದರೆ ಬದಲಿಸಿ.

ಮೂರನೆಯಿಂದ ಐದನೆಯ ಸೆಷನ್ನಿನೊಳಗೆ ಮೊದಲ ಅಳತೆ ಮಾಡಿ. ಮೊದಲ ದಿನವೇ ಕೇಳಿದರೆ ಸಿಗುವುದು ಶಿಷ್ಟಾಚಾರದ ಉತ್ತರ. ಜೊತೆಗೆ ಕಷ್ಟದ ತೀವ್ರತೆಯನ್ನೂ ಪ್ರತ್ಯೇಕವಾಗಿ ಅಳೆಯಿರಿ, ಯಾಕೆಂದರೆ ಗುಣ ಕಂಡಾಗಲೂ ಬಾಂಧವ್ಯದ ಅಂಕ ತಾನಾಗಿ ಏರುತ್ತದೆ. 295 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಬಾಂಧವ್ಯ ಮತ್ತು ಫಲಿತಾಂಶದ ನಡುವಿನ ಸಹಸಂಬಂಧ (ಎರಡೂ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, ಗರಿಷ್ಠ 1) ಸುಮಾರು 0.28. ಅಂದರೆ ಫಲಿತಾಂಶದ ವ್ಯತ್ಯಾಸದಲ್ಲಿ ಇದರೊಂದಿಗೆ ಬೆಸೆದಿರುವುದು ಸುಮಾರು 8 ಶೇಕಡಾ. ‘ಬಾಂಧವ್ಯವೇ ಸರ್ವಸ್ವ’ ಎನ್ನುವವರು ಈ ಅಂಕಿ ಗಮನಿಸಲಿ.

ಪ್ರಶ್ನೆ: ಅಂಕ ಕುಸಿದರೆ ಥೆರಪಿಸ್ಟರನ್ನು ಬದಲಿಸಬೇಕೇ?

ಉತ್ತರ: ಕೂಡಲೇ ಬೇಡ. ಬಾಂಧವ್ಯದಲ್ಲಿ ಮೂಡುವ ಬಿರುಕು ಎರಡು ಬಗೆ: ಮುಖಾಮುಖಿ ಅಸಮಾಧಾನ ಮತ್ತು ಮೌನವಾಗಿ ಹಿಂದೆ ಸರಿಯುವುದು. ಎರಡನೆಯದು ‘ಸರಿ ಸರಿ’ ಎಂಬ ಒಪ್ಪಿಗೆಯ ವೇಷದಲ್ಲಿ ಬರುವುದರಿಂದ ಪತ್ತೆಯಾಗುವುದು ತಡ. ಹೇಳಿದ ಮೇಲೆ ಥೆರಪಿಸ್ಟ್ ಸಮರ್ಥಿಸಿಕೊಳ್ಳದೆ ಕೇಳಿಸಿಕೊಂಡು ತಮ್ಮ ಪಾಲನ್ನು ಒಪ್ಪಿ, ವಿಧಾನ ತಿದ್ದಿದರೆ ಮುಂದುವರಿಯಿರಿ. ಎರಡು ಮೂರು ಸಲ ಹೇಳಿದರೂ ಏನೂ ಬದಲಾಗದಿದ್ದರೆ ಬೇರೆಯವರನ್ನು ನೋಡಿ. ಲೈಂಗಿಕ ಸಲುಗೆಯಾಗಲಿ ನಿಮ್ಮ ಗುಟ್ಟನ್ನು ಹೊರಗೆಡಹುವುದಾಗಲಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಅಳೆಯುವುದೂ ಇಲ್ಲ, ಸರಿಪಡಿಸಿಕೊಳ್ಳುವುದೂ ಇಲ್ಲ; ಅಲ್ಲಿಂದ ಹೊರಬಂದು ದೂರು ಕೊಡಿ.