ಉಪಾಧ್ಯಕ್ಷರೆಂದರೆ ಕಾನ್ವಾಯ್‌ನ ಕೊನೆಯ ಗಾಡಿ

ಮಾಜಿ ಸೈನಿಕರ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರಿಸುವವರು ವಿಜಯಪುರ ಜಿಲ್ಲೆಯಿಂದ ಬಂದು ಪುಣೆಯಲ್ಲಿ ನೆಲೆಸಿರುವ ನಿವೃತ್ತ ಸುಬೇದಾರ್. ಸೇನೆಯ ವಾಹನ, ಯಂತ್ರಗಳನ್ನು ದುರಸ್ತಿ ಮಾಡುವ ಇಎಂಇ ವಿಭಾಗದಲ್ಲಿ 30 ವರ್ಷ ಸೇವೆ ಮಾಡಿದವರು.

ಪ್ರಶ್ನೆ: ಸುಬೇದಾರ್ ಸಾಹೇಬರಿಗೆ ನಮಸ್ಕಾರ. ನಾನು ನಿವೃತ್ತ ಹವಾಲ್ದಾರ್. ಊರು ಬೈಲಹೊಂಗಲದ ಕಡೆ, ಈಗ ದಿಘಿಯಲ್ಲಿ ಮನೆ. ನಮ್ಮ ಭಾಗದ ಮಾಜಿ ಸೈನಿಕರ ಸಂಘದಲ್ಲಿ ನನ್ನನ್ನು ಉಪಾಧ್ಯಕ್ಷ ಮಾಡಿದ್ದಾರೆ. ಇನ್ನೊಬ್ಬರೂ ಉಪಾಧ್ಯಕ್ಷರಿದ್ದಾರೆ. ಮೂರು ಸಭೆ ಆಯಿತು. ಅಧ್ಯಕ್ಷರ ಪಕ್ಕ ಕೂರುತ್ತೇನೆ, ಬಂದವರಿಗೆ ಶಾಲು ಹೊದಿಸುತ್ತೇನೆ, ಚಹಾ ಕುಡಿದು ಬರುತ್ತೇನೆ. ನಿಯಮದಲ್ಲಿ ನಮ್ಮ ಬಗ್ಗೆ ಇರುವುದು ಒಂದೇ ಸಾಲು: ಅಧ್ಯಕ್ಷರು ಇಲ್ಲದಾಗ ಸಭೆ ನಡೆಸಬೇಕು. ನಮ್ಮ ಅಧ್ಯಕ್ಷರು ಒಂದು ಸಭೆಯನ್ನೂ ತಪ್ಪಿಸುವವರಲ್ಲ. "ಅಲ್ಲಿ ನಿಮ್ಮದೇನು ಕೆಲಸ?" ಅಂತ ಹೆಂಡತಿ ಕೇಳುತ್ತಾಳೆ. ಏನು ಹೇಳಲಿ?
– ಒಬ್ಬ ಓದುಗರು, ದಿಘಿ, ಪುಣೆ

ಉತ್ತರ: ಹವಾಲ್ದಾರ್ ಸಾಹೇಬರೇ, ನಿಮ್ಮ ಪತ್ರ ಓದಿ ನಗು ಬಂತು. ನಾನೂ ನಾಲ್ಕು ವರ್ಷ ಉಪಾಧ್ಯಕ್ಷನಾಗಿದ್ದೆ. ಮೊದಲ ವರ್ಷ ನಾನು ಎಷ್ಟು ಶಾಲು ಹೊದಿಸಿದೆನೋ ಲೆಕ್ಕವೇ ಇಲ್ಲ. ನಮ್ಮನೆಯವಳು ನನಗೆ "ಶಾಲು ಸಾಹೇಬರು" ಅಂತ ಹೆಸರಿಟ್ಟಿದ್ದಳು.

ನಿಮ್ಮ ಹೆಂಡತಿಗೆ ಉತ್ತರ ಕೊಡುವ ಮೊದಲು ಒಂದು ರಸ್ತೆ ನೆನಪು ಮಾಡಿಕೊಳ್ಳಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಕಾನ್ವಾಯ್, ಅಂದರೆ ಸೇನೆಯ ಗಾಡಿಗಳ ಸಾಲು, ನೀವೂ ನೋಡಿರುತ್ತೀರಿ. ಮುಂದೆ ಕಮಾಂಡರ್ ಗಾಡಿ. ಎಲ್ಲರ ಕಣ್ಣೂ ಅದರ ಮೇಲೆ. ಕೊನೆಯಲ್ಲಿ ನಮ್ಮ ಇಎಂಇ ರಿಕವರಿ ಗಾಡಿ. ಅದರಲ್ಲಿ ಇಬ್ಬರು ಮೂವರು ಫಿಟ್ಟರ್, ಚೈನು, ಜ್ಯಾಕು, ಎಣ್ಣೆ ಮೆತ್ತಿದ ಬಟ್ಟೆ. ಜೋಜಿಲಾ ಏರುವಾಗ ಯಾವುದೋ ಗಾಡಿ ಕೆಟ್ಟು ಬದಿಗೆ ನಿಂತರೆ ಅದರ ಡ್ರೈವರ್ ಗಾಬರಿ ಆಗುವುದಿಲ್ಲ. ಹಿಂದೆ ರಿಕವರಿ ಬರುತ್ತಿದೆ ಅಂತ ಅವನಿಗೆ ಗೊತ್ತು. ಆ ಕೊನೆಯ ಗಾಡಿ ದಾಟಿ ಹೋಯಿತೆಂದರೆ ರಸ್ತೆಯ ಮೇಲೆ ನಮ್ಮವರು ಯಾರೂ ಉಳಿದಿಲ್ಲ ಅಂತ ಅರ್ಥ. ನೀವು ಈಗ ಆ ಗಾಡಿ ಸಾಹೇಬರೇ. ಅಧ್ಯಕ್ಷರು ಮುಂದೆ ಹೋಗಲಿ ಬಿಡಿ.

ಇದು ನನಗೂ ಮೊದಲೇ ಗೊತ್ತಿರಲಿಲ್ಲ. ಕಲಿತದ್ದು ತಡವಾಗಿ, ಸ್ವಲ್ಪ ನಾಚಿಕೆಯಿಂದಲೇ. ನಮ್ಮ ಸಂಘದ ಒಬ್ಬ ನಾಯಕ್, ವಿಶ್ರಾಂತವಾಡಿಯವರು, ಮಳೆಗಾಲದಲ್ಲಿ ತೀರಿಕೊಂಡರು. ನಮಗೆ ಗೊತ್ತಾಗಿದ್ದು ಐದು ವಾರ ಆದಮೇಲೆ, ಕ್ಯಾಂಟೀನ್ ಸಾಲಿನಲ್ಲಿ ನಿಂತಾಗ ಯಾರೋ ಹೇಳಿದ್ದರಿಂದ. ಮನೆಗೆ ಹೋದೆವು. ಅವರ ಹೆಂಡತಿ, ನಮಗೆಲ್ಲ ವೈನಿ (ಅತ್ತಿಗೆ), ಒಂದು ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟರು. ಅದರಲ್ಲಿ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಾದ ಆದೇಶ), ಮರಣ ಪ್ರಮಾಣಪತ್ರ, ಆಧಾರ್ ಎಲ್ಲ ಇತ್ತು. ಕುಟುಂಬ ಪಿಂಚಣಿ ಮಾತ್ರ ಶುರುವಾಗಿರಲಿಲ್ಲ. ಕಾರಣ ಇಷ್ಟೇ: ತವರಿನ ಹೆಸರು ಆಧಾರ್‌ನಲ್ಲಿ, ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು ಪಿಪಿಒದಲ್ಲಿ. ಪಾಪ, ಐದು ವಾರ ಆ ಚೀಲ ಹಿಡಿದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಓಡಾಡಿದ್ದರು. ಆ ಐದು ವಾರದಲ್ಲಿ ನಾವು ಎರಡು ಸಭೆ ಮಾಡಿದ್ದೆವು, ಒಬ್ಬ ನಗರಸೇವಕರಿಗೆ (ಪಾಲಿಕೆ ಸದಸ್ಯರಿಗೆ) ಶಾಲನ್ನೂ ಹೊದಿಸಿದ್ದೆವು. ಹೊದಿಸಿದವನು ನಾನೇ.

ಮರುದಿನ ಖಡ್ಕಿ ಬಜಾರಿನಲ್ಲಿ 200 ಪುಟದ ಒಂದು ನೋಟ್‌ಬುಕ್ ತಂದೆ. ಯೂನಿಟ್‌ನಲ್ಲಿ ನಾಮಿನಲ್ ರೋಲ್ (ಹೆಸರುಗಳ ಪಟ್ಟಿ) ಇಡುತ್ತಿದ್ದೆವಲ್ಲ, ಅದೇ ಥರ. ಹೆಸರು, ರೆಜಿಮೆಂಟ್, ಆರ್ಮಿ ನಂಬರ್, ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸ್ ಯಾವುದು, ಪಿಪಿಒದಲ್ಲಿ ಹೆಂಡತಿಯ ಹೆಸರು ಹೇಗೆ ಬರೆದಿದೆ, ಆಧಾರ್‌ನಲ್ಲಿ ಹೇಗಿದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಆಗಿದೆಯೇ, ಜೀವನ ಪ್ರಮಾಣಪತ್ರ (ಬದುಕಿದ್ದೇವೆ ಅನ್ನುವ ದಾಖಲೆ) ಯಾವ ತಿಂಗಳು ಕೊಡಬೇಕು, ಮಗನ ಅಥವಾ ಮಗಳ ಫೋನ್ ನಂಬರ್. ಕೊನೆಯ ಕಾಲಂ ನನ್ನದೇ: "ಒಬ್ಬರೇ ಇರುತ್ತಾರೆಯೇ?" ಆ ಕಾಲಂನಲ್ಲಿ ಹೌದು ಅಂತ ಬರೆದಿದ್ದವರಿಗೆ ಪ್ರತಿ ಭಾನುವಾರ ಒಂದು ಫೋನ್. ಎರಡು ನಿಮಿಷದ ಮಾತು. ಹೆಚ್ಚಾಗಿ ಮೊಣಕಾಲು ನೋವಿನದ್ದೇ.

ಒಂದು ಎಚ್ಚರಿಕೆ. ಆ ಪುಸ್ತಕದಲ್ಲಿ ಯಾರ ಸ್ಪರ್ಶ್ (ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಪಾಸ್‌ವರ್ಡನ್ನೂ ಬರೆಯಬೇಡಿ. ಫೋನಿಗೆ ಬಂದ ಒಟಿಪಿ ಕೇಳಬೇಡಿ. ಹಿರಿಯರು ನಂಬಿ ಕೊಟ್ಟೇ ಬಿಡುತ್ತಾರೆ. ಜೀವನ ಪ್ರಮಾಣಪತ್ರದ ಹೆಸರಿನಲ್ಲಿ ಫೋನ್ ಮಾಡಿ ಖಾತೆ ಖಾಲಿ ಮಾಡುವವರು ಜಾಸ್ತಿಯಾಗಿದ್ದಾರೆ. ನೀವೇ ಒಟಿಪಿ ಕೇಳಿ ಅಭ್ಯಾಸ ಮಾಡಿಸಿದರೆ ಕಳ್ಳನಿಗೂ ಅವರು ಹಾಗೇ ಕೊಡುತ್ತಾರೆ. ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಪ್ರಮಾಣಪತ್ರ ಕೊಡಬಹುದು. ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಮಾಡಿಸಿ.

ಇನ್ನೊಂದು ಲೆಕ್ಕ ನಿಮಗೆ ಬಾಯಿಪಾಠ ಇರಬೇಕು. ನಿವೃತ್ತ ಸೈನಿಕ 67 ತುಂಬುವ ಮೊದಲು ತೀರಿಕೊಂಡರೆ ಹೆಂಡತಿಗೆ ಮೊದಲು ಜಾಸ್ತಿ ದರದ ಕುಟುಂಬ ಪಿಂಚಣಿ ಸಿಗುತ್ತದೆ, ಕೊನೆಯ ವೇತನದ ಶೇ. 50ರ ಲೆಕ್ಕದಲ್ಲಿ. ಅದು 7 ವರ್ಷ ಮಾತ್ರ. ಅಥವಾ ಅವರು ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ. ಎರಡರಲ್ಲಿ ಯಾವುದು ಮೊದಲೋ ಅದು. ಆಮೇಲೆ ಶೇ. 30ಕ್ಕೆ ಇಳಿಯುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಒಂದು ದಿನ ಪಾಸ್‌ಬುಕ್ ನೋಡಿ "ನನ್ನ ಪಿಂಚಣಿ ಯಾರೋ ತಿಂದರು" ಅಂತ ಅಳುತ್ತಾ ಬರುತ್ತಾರೆ. ನಿಮ್ಮ ಪುಸ್ತಕದಲ್ಲಿ ಆ ತಾರೀಖು ಬರೆದಿಟ್ಟು ಮೂರು ತಿಂಗಳು ಮೊದಲೇ ಮನೆಗೆ ಹೋಗಿ ಹೇಳಿ ಬನ್ನಿ. ಹಾಗೆಯೇ ಪಿಂಚಣಿ ಇಲ್ಲದೆ ಸೇನೆ ಬಿಟ್ಟು ಬಂದವರೂ ನಿಮ್ಮ ಓಣಿಯಲ್ಲಿ ಇರಬಹುದು. ಹವಾಲ್ದಾರ್‌ವರೆಗಿನ ದರ್ಜೆಯಲ್ಲಿದ್ದು 65 ದಾಟಿದ್ದರೆ ಅಂಥವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯುರಿ ಗ್ರಾಂಟ್ ಅನ್ನುವ ಧನಸಹಾಯ ಇದೆ. ಅರ್ಜಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋಗಬೇಕು. ಅವರು ಸಂಘಕ್ಕೆ ಬರುವುದಿಲ್ಲ, ಸಂಕೋಚ. ನೀವೇ ಹೋಗಬೇಕು.

ಇನ್ನೊಬ್ಬ ಉಪಾಧ್ಯಕ್ಷರ ವಿಷಯ. ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದರೆ ಜಗಳ, ಇಬ್ಬರೂ ಬಿಟ್ಟರೆ ಯಾರೂ ಇಲ್ಲ. ನೀವು ಮನೆಗಳನ್ನು ನೋಡಿಕೊಳ್ಳಿ, ಅವರು ಕಾರ್ಯಕ್ರಮಗಳನ್ನು ನೋಡಿಕೊಳ್ಳಲಿ. ಡಿಸೆಂಬರ್ 7 ಧ್ವಜ ದಿನ, ಡಿಸೆಂಬರ್ 16 ವಿಜಯ ದಿವಸ, ಜುಲೈ 26 ಕಾರ್ಗಿಲ್ ದಿನ. ಜನವರಿ 14 ಮಾಜಿ ಸೈನಿಕರ ದಿನ, ಅದನ್ನಂತೂ ನಾವು ಕನ್ನಡಿಗರು ಬಿಡಬಾರದು. ಕೊಡಗಿನ ಕಾರಿಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನ ಅದು. ಮಾಜಿ ಸೈನಿಕರಿಗೆ ದೇಶಕ್ಕೆಲ್ಲ ಒಂದು ಸಂಘ ಬೇಕು ಅಂತ 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದವರೂ ಅವರೇ. ಕಾರ್ಯಕ್ರಮ ನೋಡಿಕೊಳ್ಳುವವರಿಗೆ ನನ್ನದು ಮೂರೇ ಮಾತು: ನೆರಳು, ನೀರು, ಹತ್ತಿರದಲ್ಲಿ ಶೌಚಾಲಯ. 80 ದಾಟಿದವರನ್ನು ಬಿಸಿಲಲ್ಲಿ ಕೂರಿಸಿ ಭಾಷಣ ಮಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮರೆತೆ, ಕಾಗದದ ಕೆಲಸ ಒಂದಿದೆ. ನೀವು ಆಯ್ಕೆಯಾದದ್ದು ಚಾರಿಟಿ ಕಮಿಷನರ್ ಕಚೇರಿಯ ದಾಖಲೆಗೆ ಹೋಗಿದೆಯೇ? ಮಹಾರಾಷ್ಟ್ರದಲ್ಲಿ ನಿಮ್ಮಂಥ ಸಂಘ ಸಾಮಾನ್ಯವಾಗಿ 1860ರ ಸೊಸೈಟಿ ಕಾಯ್ದೆಯ ಜೊತೆಗೆ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಯಲ್ಲೂ ನೋಂದಣಿ ಆಗಿರುತ್ತದೆ. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಕೊಡಬೇಕು, ಆ ಕಾಯ್ದೆಯ 22ನೇ ಕಲಮು. ಕೊಡದಿದ್ದರೆ ದಾಖಲೆಯಲ್ಲಿ ಹಳಬರ ಹೆಸರೇ ಉಳಿಯುತ್ತದೆ. ಅವರಲ್ಲಿ ಒಬ್ಬರು ತೀರಿಕೊಂಡೂ ಇರಬಹುದು. ನಾಳೆ ಬ್ಯಾಂಕ್ ಖಾತೆಯಲ್ಲಿ ಸಹಿ ಬದಲಿಸಲು ಹೋದಾಗ ತಲೆನೋವು ಶುರು. ಕಾರ್ಯದರ್ಶಿಯವರನ್ನು ಮೆಲ್ಲಗೆ ಕೇಳಿ. ದಬಾಯಿಸಬೇಡಿ.

ಅಂದಹಾಗೆ ಆ ನಿಯಮದ ಪುಸ್ತಕ ಮರಾಠಿಯಲ್ಲಿದ್ದರೆ ಮುಖಪುಟದಲ್ಲಿ "ಘಟನಾ" ಅಂತ ಇರುತ್ತದೆ. ನಾನು ಮೊದಲ ಸಲ ನೋಡಿದಾಗ ಏನೋ ನಡೆದ ಘಟನೆಯ ವರದಿ ಅಂದುಕೊಂಡು ಬದಿಗಿಟ್ಟಿದ್ದೆ. ಅದೇ ಸಂಘದ ಸಂವಿಧಾನ! ಪೂರ್ತಿ ಓದಿ. ಅಧ್ಯಕ್ಷರು ರಾಜೀನಾಮೆ ಕೊಟ್ಟರೆ ನೀವು ಎಷ್ಟು ದಿನ ನಡೆಸಬಹುದು, ಚೆಕ್ಕಿಗೆ ಸಹಿ ಯಾರದು, ಕೋರಂ ಎಷ್ಟು, ಮತ ಸಮ ಬಂದರೆ ಏನು, ಎಲ್ಲ ಅದರಲ್ಲೇ ಇರಬೇಕು. ಅದರಲ್ಲಿ ಇಲ್ಲದ ಅಧಿಕಾರ ನಿಮಗಿಲ್ಲ. ಸಂಘದ ಲೆಟರ್‌ಹೆಡ್ ಮನೆಗೆ ತರಬೇಡಿ.

ಪ್ರಶ್ನೆ: ನಾನು ನಿವೃತ್ತ ನಾಯಕ್, ಸಂಘದ ಉಪಾಧ್ಯಕ್ಷ. ಮುಂದಿನ ಸಭೆಗೆ ಅಧ್ಯಕ್ಷರು ಊರಲ್ಲಿ ಇರುವುದಿಲ್ಲ. ಸಭೆಯಲ್ಲಿ ಒಬ್ಬ ಕರ್ನಲ್ ಸಾಹೇಬರು, ಇಬ್ಬರು ಸುಬೇದಾರ್ ಮೇಜರ್‌ಗಳು ಇರುತ್ತಾರೆ. ನಾನು ಅಧ್ಯಕ್ಷತೆ ವಹಿಸಬಹುದೇ?
– ಒಬ್ಬ ಓದುಗರು, ಲೋಹಗಾಂವ್

ಉತ್ತರ: ವಹಿಸಬೇಕು. ಸಂಘದಲ್ಲಿ ಎಲ್ಲರೂ ಸದಸ್ಯರು. ಸಾಹೇಬರಿಗೆ ಎದ್ದು "ರಾಮ್ ರಾಮ್ ಸಾಬ್" ಹೇಳಿ, ಒಳ್ಳೆ ಕುರ್ಚಿ ಕೊಡಿ, ಆಮೇಲೆ ನಿಮ್ಮ ಕುರ್ಚಿಯಲ್ಲಿ ನೀವು ಕೂತುಕೊಳ್ಳಿ. ವಿಷಯಪಟ್ಟಿಯಲ್ಲಿ ಇಲ್ಲದ್ದನ್ನು ಎತ್ತಿಕೊಳ್ಳಬೇಡಿ. ನಾನೊಮ್ಮೆ ಒಬ್ಬ ಹಿರಿಯ ಅಧಿಕಾರಿಯನ್ನು ಮಾತಿನ ನಡುವೆ ನಿಲ್ಲಿಸಬೇಕಾಯಿತು. ಹತ್ತು ನಿಮಿಷದಿಂದ 71ರ ಯುದ್ಧದಲ್ಲೇ ಇದ್ದರು, ವಿಷಯ ನೀರಿನ ಟ್ಯಾಂಕಿನದು. ನನ್ನ ಅಂಗೈ ಬೆವರಿತ್ತು. "ಸಾಬ್, ಟ್ಯಾಂಕಿಗೆ ಬರೋಣವೇ?" ಅಂದೆ. "ಯಾವ ಟ್ಯಾಂಕು, ಟಿ-55?" ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು, ಸಭೆ ಮುಂದುವರಿಯಿತು.

ಪ್ರಶ್ನೆ: ಅಮೆರಿಕದಲ್ಲಿ ಮಗನ ಮನೆಗೆ ಹೋಗಿದ್ದೆ. ಅಲ್ಲಿಯ ಮಾಜಿ ಸೈನಿಕರ ಸಂಘದ ಕಟ್ಟಡದಲ್ಲಿ ಒಬ್ಬರು ತಾವು "ಫಸ್ಟ್ ವೈಸ್ ಕಮಾಂಡರ್" ಅಂತ ಪರಿಚಯ ಮಾಡಿಕೊಂಡರು. ಅದೇನು, ಇನ್ನೂ ಸೇನೆಯಲ್ಲಿದ್ದಾರೆಯೇ?
– ಒಬ್ಬ ಓದುಗರು, ಕೋಥರೂಡ್

ಉತ್ತರ: ಇಲ್ಲ ಅಕ್ಕಾವ್ರೇ. ನೀವು ನೋಡಿದ್ದು ಬಹುಶಃ ಅಮೆರಿಕನ್ ಲೀಜನ್. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಪ್ಯಾರಿಸ್‌ನಲ್ಲಿ ಇದ್ದ ಅಮೆರಿಕದ ಸೈನಿಕರು ಸೇರಿ ಶುರುಮಾಡಿದ್ದು. ಅದರ ಊರೂರಿನ ಘಟಕಕ್ಕೆ ಪೋಸ್ಟ್ ಅನ್ನುತ್ತಾರೆ, ಅಧ್ಯಕ್ಷರಿಗೆ ಕಮಾಂಡರ್, ಉಪಾಧ್ಯಕ್ಷರಿಗೆ ವೈಸ್ ಕಮಾಂಡರ್. ಸಾಮಾನ್ಯವಾಗಿ ಮೊದಲನೆಯ ವೈಸ್ ಕಮಾಂಡರ್‌ಗೆ ಸದಸ್ಯರ ಜವಾಬ್ದಾರಿ: ಹೊಸಬರನ್ನು ಸೇರಿಸುವುದು, ಹಳಬರು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು. ಎರಡನೆಯವರಿಗೆ ಕಾರ್ಯಕ್ರಮ. ದಿಘಿಯ ಹವಾಲ್ದಾರ್ ಸಾಹೇಬರಿಗೆ ಮೇಲೆ ನಾನು ಹೇಳಿದ್ದೂ ಹೆಚ್ಚುಕಡಿಮೆ ಇದೇ. ಅಲ್ಲಿ ಬರೆದಿಟ್ಟಿದ್ದಾರೆ, ನಮ್ಮಲ್ಲಿ ಪೆಟ್ಟು ತಿಂದು ಕಲಿಯುತ್ತೇವೆ.

ಪ್ರಶ್ನೆ: ನನ್ನ ಯಜಮಾನರು ಸೇನೆಯಲ್ಲಿದ್ದರು, ನಿವೃತ್ತಿಯಾದ ಮೇಲೆ ತೀರಿಕೊಂಡರು. ಅವರ ಸಂಘದ ಸಭೆಗೆ ನಾನು ಹೋಗುತ್ತೇನೆ. ಮುಂದಿನ ಸಲ ನೀವೇ ಉಪಾಧ್ಯಕ್ಷರಾಗಿ ಅಂತ ಕೆಲವರು ಹೇಳುತ್ತಿದ್ದಾರೆ. ನಾನು ವೀರ ನಾರಿ ಅಲ್ಲ, ಬರೀ ವಿಧವೆ. ಆಗಬಹುದೇ?
– ಒಬ್ಬ ಓದುಗರು, ಖಡ್ಕಿ

ಉತ್ತರ: ವೈನಿ, "ಬರೀ" ಅನ್ನುವ ಮಾತು ಬೇಡ. ವೀರ ನಾರಿ ಅಂತ ಕರೆಯುವುದು ಹುತಾತ್ಮರಾದವರ ಪತ್ನಿಯರನ್ನು, ಅದು ಬೇರೆ ಮಾತು. ಸಂಘದ ಹುದ್ದೆಗೆ ಅದು ಅಡ್ಡ ಬರಬಾರದು. ಅಡ್ಡ ಬರುವುದು ಇನ್ನೊಂದು: ಕೆಲವು ಸಂಘಗಳು ವಿಧವೆಯರನ್ನು ಸಹ ಸದಸ್ಯರೆಂದು ಮಾತ್ರ ಸೇರಿಸಿಕೊಳ್ಳುತ್ತವೆ, ಮತ ಹಾಕುವ ಹಕ್ಕು ಕೊಡುವುದಿಲ್ಲ. ನಿಮ್ಮ ಸಂಘದ ಘಟನಾ ತರಿಸಿ ಸದಸ್ಯತ್ವದ ಪುಟ ನೋಡಿ. ಪೂರ್ಣ ಸದಸ್ಯರಾಗಿದ್ದರೆ ನಿಲ್ಲಿ. ಇಲ್ಲದಿದ್ದರೆ ನಿಯಮ ತಿದ್ದಬೇಕು. ಆ ವಿಷಯ ಸರ್ವಸಾಧಾರಣ ಸಭೆಯ ವಿಷಯಪಟ್ಟಿಗೆ ಬರಲಿ ಅಂತ ಕಾರ್ಯದರ್ಶಿಗೆ ಬರೆದು ಕೊಡಿ. ಬಾಯಿಮಾತು ಸಾಲದು. ಕೊಟ್ಟ ಪತ್ರದ ನಕಲಿನ ಮೇಲೆ ಸಹಿ ತೆಗೆದುಕೊಳ್ಳಿ.

ಆ ಪ್ಲಾಸ್ಟಿಕ್ ಚೀಲ ಹಿಡಿದು ಓಡಾಡಿದ ವೈನಿ ಅಂತ ಮೇಲೆ ಹೇಳಿದೆನಲ್ಲ. ನಾಲ್ಕು ವರ್ಷ ಆದಮೇಲೆ ನನ್ನ ನೋಟ್‌ಬುಕ್ ನಾನು ಕೊಟ್ಟಿದ್ದು ಅವರ ಕೈಗೇ. ಈಗ ಅದು ಮೂರನೇ ಪುಸ್ತಕವಂತೆ. ಭಾನುವಾರ ಬೆಳಿಗ್ಗೆ ನನಗೂ ಫೋನ್ ಬರುತ್ತದೆ, ಮೊಣಕಾಲು ಹೇಗಿದೆ ಅಂತ.