ಕಮಾಂಡ್ ಲೈನ್ ಇಲ್ಲದೆ ಪೈಥಾನ್ ಪ್ರೋಗ್ರಾಮಿಗೆ ಆಯ್ಕೆಗಳನ್ನು ಕೊಡೋದು ಹೇಗೆ?

ವಿಜಯಪುರದ ಒಣದ್ರಾಕ್ಷಿ ಅಡತ ಅಂಗಡಿಗೆ ಬಿಲ್ ತೆಗೆಯೋ ಪ್ರೋಗ್ರಾಮ್ ಬರೆದೀರಿ. ದಲಾಲಿ, ಹಮಾಲಿ ದರಗಳನ್ನು ಕಮಾಂಡ್ ಲೈನಿನ ಆಯ್ಕೆ ಓದೋ ಆರ್ಗ್‌ಪಾರ್ಸ್‌ನಿಂದ ತಗೋತೀರಿ. ಲೆಕ್ಕ ಬರೆಯೋ ದಿವಾನಜಿಯವರು ಡಬಲ್ ಕ್ಲಿಕ್ ಬಿಟ್ಟು ಬೇರೇನೂ ಮಾಡೋರಲ್ಲ, ಜುಪಿಟರ್ ನೋಟ್‌ಬುಕ್‌ನಲ್ಲಿ ಓಡಿಸಿದರೆ ‘ಸಿಸ್ಟಮ್‌ಎಕ್ಸಿಟ್: 2’ ಬರ್ತದೆ ಅಂತ ಕೇಳೀರಿ.

ಜುಪಿಟರ್‌ದು ಸಣ್ಣ ವಿಷಯ. ಆರ್ಗ್‌ಪಾರ್ಸ್‌ನ ಪಾರ್ಸ್_ಆರ್ಗ್ಸ್‌ಗೆ ಏನೂ ಕೊಡದಿದ್ದರೆ ಅದು ಕಮಾಂಡ್ ಲೈನಿನ ಪದಗಳಿರೋ ಸಿಸ್.ಆರ್ಗ್‌ವಿ ಲಿಸ್ಟ್ ನೋಡ್ತದೆ, ಅಲ್ಲಿ ಜುಪಿಟರ್ ತನ್ನ ಕರ್ನಲ್ ಫೈಲಿನ ಹೆಸರು ಹಾಕಿರ್ತದೆ. ಖಾಲಿ ಲಿಸ್ಟ್ ಕೊಡ್ರಿ: ಪಾರ್ಸ್_ಆರ್ಗ್ಸ್([]). ಡಿಫಾಲ್ಟ್ ಬೆಲೆಗಳು ಬರ್ತಾವೆ. ಕಡ್ಡಾಯ ಆಯ್ಕೆಗಳಿದ್ದರೆ ಅವನ್ನು ಆ ಲಿಸ್ಟಿನಲ್ಲೇ ಬರೀರಿ.

ದಿವಾನಜಿಯವರಿಗೆ ಬೇಕಾದ್ದು ಪ್ರೋಗ್ರಾಮಿನ ಪಕ್ಕದಲ್ಲೇ ಒಂದು ಐಎನ್‌ಐ ಫೈಲು, ಅಂದರೆ ‘ಹೆಸರು = ಬೆಲೆ’ ಅಂತ ಸಾಲು ಬರೆಯೋ ಸಾದಾ ಪಠ್ಯ ಫೈಲು. ನಾನಾದರೆ ಹೆಸರುಗಳನ್ನೂ ಕನ್ನಡದಲ್ಲೇ ಇಡ್ತೀನಿ, ಇಂಥ ಫೈಲ್ ಓದೋ ಪೈಥಾನಿನ ಕಾನ್ಫಿಗ್‌ಪಾರ್ಸರ್ ಒಪ್ಪತದೆ (ಅಂಕಿ ಉದಾಹರಣೆಗೆ ಮಾತ್ರ):

[ದರ]
ದಲಾಲಿ = 2.5
ಹಮಾಲಿ = 8
ಪ್ರಿಂಟ್ = 0

ಬಿಲ್ ಮಾಡೋ ಫಂಕ್ಷನ್‌ಗೆ ಈ ಬೆಲೆಗಳನ್ನು ಸಾದಾ ಆರ್ಗ್ಯುಮೆಂಟ್ ಆಗಿ ಕೊಡ್ರಿ. ಅವು ಫೈಲಿನಿಂದ ಬಂದವೋ ಕಮಾಂಡ್ ಲೈನಿನಿಂದ ಬಂದವೋ ಅದಕ್ಕೆ ಗೊತ್ತಾಗಬಾರದು. ಇದೊಂದು ಸರಿಯಾದರೆ ನಾಳೆ ಟಿಕಿಂಟರ್ ಕಿಟಕಿ ಹಾಕಿದರೂ ಲೆಕ್ಕ ಮುಟ್ಟಬೇಕಾಗಿಲ್ಲ.

ಎಡವೋದು ಓದುವಾಗ. ಕಾನ್ಫಿಗ್‌ಪಾರ್ಸರ್ ಕೊಡೋದೆಲ್ಲ ಸ್ಟ್ರಿಂಗ್. ಮೇಲಿನ ‘0’ ಖಾಲಿ ಸ್ಟ್ರಿಂಗ್ ಅಲ್ಲ, ಹಾಗಾಗಿ ಬೂಲ್ ಹಾಕಿದರೆ ನಿಜ ಅಂತಲೇ ಬಂದು ಪ್ರಿಂಟ್ ಆಗೇ ಆಗ್ತದೆ. ಗೆಟ್‌ಬೂಲಿಯನ್, ಗೆಟ್‌ಫ್ಲೋಟ್ ಬಳಸ್ರಿ. ಬೆಲೆಯಲ್ಲಿ ಯಾರಾದರೂ ‘2.5%’ ಅಂತ ಬರೆದರೆ, ಪಾರ್ಸರ್ ಆ %ಅನ್ನು ಬೇರೆ ಬೆಲೆ ತುಂಬೋ ಗುರುತು ಅಂತ ತಿಳಿದು ಇಂಟರ್‌ಪೊಲೇಶನ್ ದೋಷ ಬರ್ತದೆ; ಪಾರ್ಸರ್ ಮಾಡುವಾಗ ಇಂಟರ್‌ಪೊಲೇಶನ್=ನನ್ (None) ಕೊಡ್ರಿ, ಆಮೇಲೆ % ಚಿಹ್ನೆ ನೀವೇ ತೆಗೀರಿ. ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಇರಲಿ. ನೋಟ್‌ಪ್ಯಾಡ್ ಫೈಲಿನ ಮೊದಲಿಗೆ ಬಿಒಎಂ ಅನ್ನೋ ಕಣ್ಣಿಗೆ ಕಾಣದ ಗುರುತು ಹಾಕಿದ್ದರೆ ಸಾದಾ ಯುಟಿಎಫ್-8ನಲ್ಲಿ [ದರ] ಸಾಲೇ ಗುರುತು ಸಿಗೋದಿಲ್ಲ.

ಐಎನ್‌ಐ ಫೈಲಿನ ದಾರಿಯನ್ನು __ಫೈಲ್__ (ಪ್ರೋಗ್ರಾಮ್ ಫೈಲಿನ ದಾರಿ) ಇರೋ ಫೋಲ್ಡರಿನಿಂದ ಕಟ್ರಿ. ಟಾಸ್ಕ್ ಶೆಡ್ಯೂಲರ್‌ನಿಂದ ಓಡಿದಾಗ ಚಾಲ್ತಿ ಫೋಲ್ಡರ್ ಬೇರೆಯೇ ಇರ್ತದೆ. ಪೈಇನ್‌ಸ್ಟಾಲರ್‌ನಿಂದ ಒಂದೇ ಇಎಕ್ಸ್‌ಇ ಮಾಡಿದರೆ __ಫೈಲ್__ ತಾತ್ಕಾಲಿಕ ಫೋಲ್ಡರ್ ತೋರಿಸ್ತದೆ, ಆಗ ಇಎಕ್ಸ್‌ಇ ಎಲ್ಲಿದೆ ಅಂತ ಹೇಳೋ ಸಿಸ್.ಎಕ್ಸಿಕ್ಯೂಟಬಲ್ ಹಿಡೀರಿ.

ಇನ್ನೊಂದು: ಕಾನ್ಫಿಗ್‌ಪಾರ್ಸರ್‌ನ ರೀಡ್ ಫಂಕ್ಷನ್ ಫೈಲ್ ಸಿಗದಿದ್ದರೂ ದೋಷ ಕೊಡೋದಿಲ್ಲ, ಖಾಲಿ ಲಿಸ್ಟ್ ಹಿಂತಿರುಗಿಸಿ ಸುಮ್ಮನಾಗ್ತದೆ. ಹಳೆ ಡಿಫಾಲ್ಟ್ ದರದಲ್ಲೇ ದಿನವಿಡೀ ಬಿಲ್ ಹೋದೀತು. ಆ ಲಿಸ್ಟ್ ಖಾಲಿ ಇದ್ದರೆ ಟಿಕಿಂಟರ್‌ನ ಶೋಎರರ್‌ನಲ್ಲಿ ‘ದರದ ಫೈಲ್ ಸಿಕ್ಕಿಲ್ಲ’ ಅಂತ ತೋರಿಸಿ ಪ್ರೋಗ್ರಾಮ್ ನಿಲ್ಲಿಸ್ರಿ. ಡಬಲ್ ಕ್ಲಿಕ್ಕಿನಿಂದ ತೆರೆದ ಕಪ್ಪು ಕಿಟಕಿ ಕ್ಷಣದಲ್ಲಿ ಮುಚ್ಚತದೆ, ಅಲ್ಲಿ ಬರೆದ ದೋಷ ಯಾರ ಕಣ್ಣಿಗೂ ಬೀಳೋದಿಲ್ಲ.