ಕೈಯಾಡಿಸುವ ವಾದ್ಯದಲ್ಲಿ ಗಮಕ ಯಾಕೆ ಬರುತ್ತಿಲ್ಲ?

ಅರಕಲಗೂಡಿನ ಗೆಳೆಯರೇ, ಮುಟ್ಟದೆ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಾದ್ಯ ಮಾಡಲು ಆರ್ಡುಯಿನೋ (ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್) ಜೊತೆ ಎಚ್‌ಸಿ-ಎಸ್‌ಆರ್04 ಎಂಬ, ಶಬ್ದದ ಅಲೆಯಿಂದ ಕೈಯ ದೂರ ಅಳೆಯುವ ಸೆನ್ಸರ್ ಹಾಕಿದ್ದೀರಿ, ಕೈ ಅಲುಗಿಸಿದರೆ ಸ್ವರ ಜಾರುವ ಬದಲು ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ ಅಂದಿರಿ. ಕೋಡ್ ತಪ್ಪಿಲ್ಲ, ಸೆನ್ಸರ್ ನಿಧಾನ.

ಆ ಸೆನ್ಸರ್‌ಗೆ ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡಬೇಕು. ಅಂದರೆ ಸೆಕೆಂಡಿಗೆ ಹದಿನಾರೇ ಅಳತೆ. ಕಂಪಿತದಲ್ಲಿ, ಅಂದರೆ ಸ್ವರವನ್ನು ನಡುಗಿಸುವ ಗಮಕದಲ್ಲಿ, ಕೈ ಸೆಕೆಂಡಿಗೆ ನಾಲ್ಕೈದು ಸಲ ಅಲುಗಿದರೆ ಒಂದೊಂದು ಅಲೆಗೆ ಮೂರು ನಾಲ್ಕು ಬಿಂದು ಸಿಗುತ್ತವೆ, ಅಷ್ಟೇ. ಅದರಲ್ಲಿ ಗಮಕ ಹೇಗೆ ಮೂಡೀತು? ಸರಾಸರಿ ತೆಗೆದರೆ ಮೆಟ್ಟಿಲು ಮಾಯವಾಗುತ್ತದೆ, ಆದರೆ ಸ್ವರ ಕೈಗಿಂತ ಹಿಂದೆ ಬೀಳುತ್ತದೆ. ಸುಮ್ನೆ ವಿಎಲ್53ಎಲ್0ಎಕ್ಸ್ ಲೇಸರ್ ಸೆನ್ಸರ್‌ಗೆ ಬದಲಾಯಿಸಿ. ಹೈ-ಸ್ಪೀಡ್ ಮೋಡ್‌ನಲ್ಲಿಟ್ಟರೆ ಅದು 20 ಮಿಲಿಸೆಕೆಂಡಿಗೊಮ್ಮೆ ಓದುತ್ತದೆ. ನೇರ ಬಿಸಿಲಿನಲ್ಲಿ ಮಾತ್ರ ಇಡಬೇಡಿ.

ಇನ್ನೊಂದು ಮುಖ್ಯ ವಿಷಯ. ದೂರವನ್ನು ನೇರವಾಗಿ ಹರ್ಟ್ಸ್‌ಗೆ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕಕ್ಕೆ) ಜೋಡಿಸಬೇಡಿ. 10 ಸೆಂ.ಮೀ.ಗೆ ಷಡ್ಜ 240, 50 ಸೆಂ.ಮೀ.ಗೆ ಮೇಲಿನ ಷಡ್ಜ 480 ಇಟ್ಟುಕೊಳ್ಳಿ. ನೇರ ಲೆಕ್ಕದಲ್ಲಿ ನಡುವಿನ 30 ಸೆಂ.ಮೀ.ಗೆ 360, ಅಂದರೆ ಪಂಚಮ ಬಂದುಬಿಡುತ್ತದೆ. ಹಾಗಾಗಿ ಮೇಲಿನ ಸ್ವರಗಳ ನಡುವೆ ಕೈ ಜಾಸ್ತಿ ದೂರ ಹೋಗಬೇಕು. ಎರಡರ ಘಾತದ ಸೂತ್ರ, ಅಂದರೆ 240 × 2^((ದೂರ − 10)/40), ಬಳಸಿದರೆ ಅಲ್ಲಿ 339, ಪ್ರತಿ ಮಧ್ಯಮ. ಆಗ ಹನ್ನೆರಡು ಸ್ವರಸ್ಥಾನಗಳಲ್ಲಿ ಪ್ರತಿಯೊಂದಕ್ಕೂ ಸರಿಸಮ 3.3 ಸೆಂ.ಮೀ. ಸಿಗುತ್ತದೆ, ಕೈಗೆ ಬೇಗ ರೂಢಿಯಾಗುತ್ತದೆ.

ಧ್ವನಿಯನ್ನು ಜೋರು ಮೆಲ್ಲ ಮಾಡಲು ಇನ್ನೊಂದು ಕೈ ಕೊಡಿ, ಮುಟ್ಟದೆ ನುಡಿಸುವ ಥೆರೆಮಿನ್ ವಾದ್ಯದಲ್ಲೂ ಹಾಗೇ ಅಲ್ವಾ. ಸಂಗೀತಗಾರರ ಊರು ರುದ್ರಪಟ್ಟಣ ನಿಮಗೆ ಹತ್ತಿರವೇ ಇದೆ. ಅಲ್ಲಿ ಹಾಡುವವರೊಬ್ಬರಿಗೆ ಒಮ್ಮೆ ಕೇಳಿಸಿ, ಗಮಕವೇ ಜೀವಾಳವಾದ ತೋಡಿ ರಾಗದ ಗಾಂಧಾರದಿಂದಲೇ ಶುರು ಮಾಡಿ.